ಅಂಬಮ್ಮ ಪಾಲಿಗೆ ಕೊಟ್ಟ ಕುರಿ

ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಕೆಟ್ಟುಹೋಗುತ್ತವೆ ಎನ್ನುವವರನ್ನು ಕಂಡರೆ ಅಂಬಮ್ಮನಿಗೆ ಆಗುತ್ತಿರಲಿಲ್ಲ. "ಕೊಡ್ದೆ ಇದ್ರೆ ನಿನ್ನಂಗೆ ಆಯ್ತವೆ ಕಣಪ್ಪ" ಎಂದು ಮುಖದ ಮೇಲೇ ಹೇಳಿಬಿಡುತ್ತಿದ್ದಳು. ಎಮ್ಮೆದೊಡ್ಡಿ ಕಾವಲಿನ ಅಂಚಿನಲ್ಲಿದ್ದ ಅವಳ ಹಟ್ಟಿಯಲ್ಲಿ ಹಾಗೆ ಹೇಳಿಸಿಕೊಂಡು ತೆಪ್ಪಗಾದ ಗಂಡಸರು ಒಬ್ಬಿಬ್ಬರಲ್ಲ. ಹಿಂದಿನಿಂದ ಅವಳನ್ನು ಗಯ್ಯಾಳಿ ಎಂದವರೂ ಇದ್ದರು. ಅಂದುಕೊಳ್ಳಲಿ ಬಿಡಿ, ಅವರ ಮಕ್ಕಳಿಗೆ ಅಂಥ ಅಜ್ಜಿ ಸಿಗಲಿಲ್ಲವಲ್ಲ.

ಮೊಮ್ಮಕ್ಕಳಲ್ಲಿ ಯಾರಿಗೇ ಆಗಲಿ, ಮೊದಲ ಹಾಲುಹಲ್ಲು ಬಿದ್ದ ದಿನ ಅಂಬಮ್ಮ ಅವರನ್ನು ಕುರಿರೊಪ್ಪಕ್ಕೆ ಕರೆದುಕೊಂಡು ಹೋಗಿ, ಇಷ್ಟವಾದ ಒಂದು ಹೆಣ್ಣುಮರಿಯನ್ನು ಆರಿಸಿಕೋ ಎನ್ನುತ್ತಿದ್ದಳು. ಪುಕ್ಕಟೆಯಲ್ಲ, ಪಾಲಿಗೆ. ಒಬ್ಬರ ಕುರಿಯನ್ನು ಇನ್ನೊಬ್ಬರು ಸಾಕಿ, ಹುಟ್ಟಿದ ಮರಿಗಳನ್ನು ಹಂಚಿಕೊಳ್ಳುವುದು ಆ ಕಡೆ ದೊಡ್ಡವರ ನಡುವೆ ಹಳೆಯ ಪದ್ಧತಿ. ಅಂಬಮ್ಮ ಅದೇ ಕರಾರನ್ನು ಹಲ್ಲು ಬಿದ್ದ ಬೊಚ್ಚುಬಾಯಿಯ ಮಗುವಿನ ಜೊತೆ ಮಾಡಿಕೊಳ್ಳುತ್ತಿದ್ದಳು. ಮೊದಲು ಹುಟ್ಟಿದ ಮರಿ ಅಜ್ಜಿಗೆ, ಆಮೇಲಿನದು ಮಗುವಿಗೆ, ಹೀಗೇ ಸರದಿ. ಉಣ್ಣೆ ಮಾತ್ರ ಪೂರ್ತಿ ಮಗುವಿನದು. ಆದರೆ ಉಣ್ಣೆಯ ಕಾಸು ಕೈಗೆ ಬಂದ ಕೂಡಲೇ ಕುರಿಗೆ ನೆಕ್ಕಿಸುವ ಉಪ್ಪಿನ ದುಡ್ಡನ್ನು ತೆಗೆದಿಡಬೇಕು, ಉಳಿದದ್ದರ ಮೇಲೆ ಆಮೇಲೆ ಆಸೆ ಪಡಬೇಕು.

ಮಗುವಿನ ಪಾಲಿಗೆ ಬಂದ ಮರಿಯ ಕಿವಿಗೆ ಆ ಮಗುವಿನದೇ ಗುರುತು ಬೀಳುತ್ತಿತ್ತು. ಒಬ್ಬರದು ಬಲಗಿವಿಯ ತುದಿ ಚೂರು ಕತ್ತರಿಸಿದ್ದು, ಇನ್ನೊಬ್ಬರದು ನಡುವೆ ಸೀಳಿದ್ದು. ಇದಕ್ಕೊಂದು ಕಾರಣವಿತ್ತು. ಮದುವೆಯಾಗಿ ಬರುವಾಗ ಅಂಬಮ್ಮನ ತಾಯಿ ಅವಳ ಜೊತೆಗೆ ಒಂದು ಕುರಿಯನ್ನೂ ಕಳಿಸಿದ್ದಳು. ಅದು ಗಂಡನ ಮಂದೆಯಲ್ಲಿ ಸೇರಿತು, ಸೇರಿದ್ದು ಸೇರಿಯೇ ಹೋಯಿತು. ಅದರ ಮರಿ ಯಾವುದು, ಮರಿಯ ಮರಿ ಯಾವುದು ಎಂದು ಕೇಳಿದರೆ ಮನೆಯವರೆಲ್ಲ ನಕ್ಕಿದ್ದರು. ಆ ನಗುವನ್ನು ಅವಳು ಮುದುಕಿಯಾದರೂ ಮರೆತಿರಲಿಲ್ಲ.

ಮರಿ ಬೆಳೆದು ಮಾರುವ ಹೊತ್ತಿಗೆ ಮಗುವೇ ಹಗ್ಗ ಹಿಡಿದು ಕಡೂರು ಸಂತೆಯಲ್ಲಿ ನಿಲ್ಲಬೇಕು. ಅಂಬಮ್ಮ ದೂರದಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವವಳು, ಹತ್ತಿರ ಸುಳಿಯುತ್ತಿರಲಿಲ್ಲ. ಒಂದೇ ಕಟ್ಟಪ್ಪಣೆ: ಕುರಿ ವ್ಯಾಪಾರದವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರಲ್ಲ, ಅದಕ್ಕೆ ಕೈ ಕೊಡಬಾರದು. ಹೇಳುವುದನ್ನು ಬಾಯಿಬಿಟ್ಟು ನಾಲ್ಕು ಜನ ಕೇಳುವಂತೆ ಹೇಳಬೇಕು. ಬಂದ ದುಡ್ಡನ್ನು ಏನು ಮಾಡಿದರೂ ಅವಳು ಬೈಯುತ್ತಿರಲಿಲ್ಲ. ಅಜ್ಜಯ್ಯ ಎಂಬ ಮೊಮ್ಮಗನೊಬ್ಬ ಟಗರು ಮಾರಿದ ದುಡ್ಡಿನಲ್ಲಿ ಕಪ್ಪು ಕನ್ನಡಕ ಕೊಂಡು, ಸ್ನೇಹಿತರನ್ನೆಲ್ಲ ಕಟ್ಟಿಕೊಂಡು ಕೆಮ್ಮಣ್ಣುಗುಂಡಿ ನೋಡಿಕೊಂಡು ಬಂದ. "ಚೆನ್ನಾಗಿತ್ತೇನೋ?" ಎಂದು ಕೇಳಿದಳು, ಅಷ್ಟೇ. ಮುಂದಿನ ತಿಂಗಳು ಉಪ್ಪಿಗೆ ಕಾಸಿಲ್ಲದೆ ಅವನು ಅದೇ ಕನ್ನಡಕ ಹಾಕಿಕೊಂಡು ಬೇರೆಯವರ ಹೊಲದಲ್ಲಿ ಕಡಲೆಕಾಯಿ ಕಿತ್ತದ್ದನ್ನು ಹಟ್ಟಿಯೆಲ್ಲ ನೋಡಿತು. ಕಲಿಯುವವನು ಕಲಿತ, ಅಜ್ಜಿ ಬಾಯಿ ನೋಯಿಸಿಕೊಳ್ಳಲಿಲ್ಲ.

ಯಲ್ಲಮ್ಮನ ಕತೆಯೇ ಬೇರೆ. ಅವಳು ಅಂಬಮ್ಮನ ಮಗ ಚಿಕ್ಕಬೀರಪ್ಪನ ಕಿರಿ ಮಗಳು. ಎಲ್ಲರ ಬಾಯಲ್ಲೂ ಯಲ್ಲಿ. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅವಳಿಗೆ ಹತ್ತು ವರ್ಷ. ಪಾಲಿಗೆ ಬಂದ ಟಗರೊಂದನ್ನು ಸ್ಕೂಲಿಗೆ ಹೋಗುವ ಮೊದಲು ಸೊಪ್ಪು, ಬಂದಮೇಲೆ ಹುರುಳಿ ಎಂದು ತಿನ್ನಿಸಿ ಗುಂಡುಗುಂಡಗೆ ಮಾಡಿದ್ದಳು. ಅದರ ಎಡಗಿವಿಯಲ್ಲಿ ಎರಡು ಕಚ್ಚು, ಅದು ಯಲ್ಲಿಯ ಗುರುತು. ಅದನ್ನು ಮಾರಿ ಎರಡು ಹೆಣ್ಣುಮರಿ ತರುವುದೆಂದು ಅವಳು ಆರು ತಿಂಗಳಿಂದ ಲೆಕ್ಕ ಹಾಕುತ್ತಿದ್ದಳು. "ಅವು ಪಾಲಿನವಲ್ಲ ಅಜ್ಜಿ, ಪೂರಾ ನನ್ನವೇ" ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ಆ ವರ್ಷವೇ ಯಲ್ಲಿಯ ಅಕ್ಕನಿಗೆ ಅಜ್ಜಂಪುರದ ಕಡೆ ಸಂಬಂಧ ಕೂಡಿಬಂತು. ಮದುವೆ ಗಂಡಿನ ಮನೆಯಲ್ಲಿ, ಬೀಗರ ಊಟ ಹಟ್ಟಿಯಲ್ಲಿ. ಅಡಿಗೆ ಮಾಡಿಸಲು ಚಿಕ್ಕಬೀರಪ್ಪ ಮುಂಚೆಯೇ ಹಟ್ಟಿಗೆ ಬಂದಿದ್ದ. ಅಂಬಮ್ಮ, ಯಲ್ಲಿ ಇಬ್ಬರೂ ಅಜ್ಜಂಪುರದಿಂದ ಬೀಗರ ಜೊತೆ ಬಂದಿಳಿಯುವಷ್ಟರಲ್ಲಿ ಅಡಿಗೆಯ ಘಮ ಬೀದಿಗೇ ಬಂದಿತ್ತು. ಊಟ ಭರ್ಜರಿಯಾಯಿತು, ಬೀಗರು ಮೀಸೆ ಒರೆಸಿಕೊಂಡು ಹೊಗಳಿದರು. ಎಲೆ ಎತ್ತಿದ ಮೇಲೆ ಯಲ್ಲಿ ಟಗರಿಗೆಂದು ಸೊಪ್ಪು ಹಿಡಿದುಕೊಂಡು ರೊಪ್ಪಕ್ಕೆ ಹೋದಳು. ಅಲ್ಲಿ ಟಗರು ಇರಲಿಲ್ಲ. ಹುಡುಕಿಕೊಂಡು ಹಿತ್ತಿಲಿಗೆ ಬಂದರೆ, ಮಾರನೆಯ ದಿನದ ಸಾರಿಗೆಂದು ಎತ್ತಿಟ್ಟ ತಲೆಗಳು ಮಂಕರಿಯಲ್ಲಿದ್ದವು. ಒಂದರ ಎಡಗಿವಿಯಲ್ಲಿ ಎರಡು ಕಚ್ಚು.

ಅವಳು ಅಳಲಿಲ್ಲ, ಅದಕ್ಕೇ ಅಂಬಮ್ಮನಿಗೆ ಹೆದರಿಕೆಯಾದದ್ದು. ಬೆಳಿಗ್ಗೆ ಬಂದು ಅಜ್ಜಿಯ ಪಕ್ಕ ಕೂತು, "ನಂಗೆ ಪಾಲು ಬ್ಯಾಡ ಅಜ್ಜಿ. ಇರೋ ಕುರಿನೂ ಮಾರಿ ನನ್ನ ಪಾಲಿನ ದುಡ್ಡು ಕೊಟ್ಬಿಡು, ಎಲ್ಲಾದಕ್ಕೂ ಮಿಠಾಯಿ ತಿಂತೀನಿ. ತಿಂದಿದ್ದಾದ್ರೆ ಯಾರೂ ಕಿತ್ಕೊಳ್ಳಲ್ಲ" ಅಂದಳು.

ಇಷ್ಟು ವರ್ಷ ಅಂಬಮ್ಮ ಕಲಿಸಿದ್ದನ್ನು ಒಂದೇ ಊಟ ನುಂಗಿಹಾಕಿತ್ತು. ತನ್ನ ಮಂದೆಯಿಂದಲೇ ಒಂದು ಟಗರು ತೆಗೆದುಕೊಟ್ಟುಬಿಡಲೇ ಎಂದು ಯೋಚಿಸಿದಳು. ಹಾಗೆ ಮಾಡಿದರೆ ಮಗು ಕಲಿಯುವುದೇನು? ಅಪ್ಪ ತಿಂದರೆ ಅಜ್ಜಿ ಕೊಡುತ್ತಾಳೆ ಎಂದು ತಾನೇ? ಎದ್ದು ಸೀದಾ ಮಗನ ಹತ್ತಿರ ಹೋದಳು.

ಚಿಕ್ಕಬೀರಪ್ಪ ಕೆಟ್ಟವನಲ್ಲ. ಮಕ್ಕಳೆಂದರೆ ಪ್ರಾಣ ಬಿಡುವವನು. ಆದರೆ ಅವನಿಗೆ ವಿಷಯವೇ ಅರ್ಥವಾಗಲಿಲ್ಲ. "ಅಕ್ಕನ ಮದ್ವೆಗೆ ತಂಗಿ ಟಗರು ಹೋಯ್ತು. ಮನೇದು ಮನೇಗೇ ಆಯ್ತಲ್ಲವ್ವ. ದಪ್ಪಗಿತ್ತು, ಹಿಡ್ಕೊಂಬಂದೆ. ಕಿವಿ ಯಾರು ನೋಡ್ತಾರೆ?"

"ನನ್ನ ಕುರಿ ಯಾವ್ದು ಅಂತ ನಿಮ್ಮಪ್ಪಾನೂ ನೋಡ್ಲಿಲ್ಲ ಕಣೋ" ಅಂದಳು ಅಂಬಮ್ಮ. "ಸಂತೆಗೆ ಬಾ. ಟಗರು ಕೊಂಡ್ಕೊಂಡಿದೀಯ, ರೇಟು ಮಾತಾಡ್ಬೇಕು."

"ಮಗಳ ಹತ್ರ ವ್ಯಾಪಾರನಾ? ಜನ ನಗ್ತಾರೆ, ನಾನು ಬರಲ್ಲ."

"ಬರ್ಬೇಡ ಬಿಡು. ಅಜ್ಜಂಪುರದ ಬಸ್ ಹತ್ತಿ ಬೀಗರನ್ನೇ ಕೇಳ್ತೀನಿ. ತಿಂದೋರು ಅವರೂ ತಾನೆ? ಟಗರಿನ ಕಾಸು ಕೊಡಿ ಅಂತೀನಿ."

ಚಿಕ್ಕಬೀರಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ತಾಯಿ ಹೇಳಿದ್ದನ್ನು ಮಾಡುವವಳು ಎಂಬುದು ಅವನಿಗೆ ಗೊತ್ತಿತ್ತು. ಸಂತೆಯ ದಿನ ಅಂಗಿ ಹಾಕಿಕೊಂಡು ಹೊರಟ.

ಯಲ್ಲಿ ಮಿಠಾಯಿಯ ಆಸೆಗೆ ಬಂದಿದ್ದಳು. ಅಂಬಮ್ಮ ಅವಳ ಕೈಗೆ ಟಗರು ಕಟ್ಟುತ್ತಿದ್ದ ಹಗ್ಗ ಕೊಟ್ಟು, ಕುರಿಗಳ ಸಾಲಿನಲ್ಲಿ ನಿಲ್ಲಿಸಿದಳು. ಬರೀ ಹಗ್ಗ ಹಿಡಿದು ನಿಂತ ಹುಡುಗಿಯನ್ನು ನೋಡಿ ತರೀಕೆರೆಯ ವ್ಯಾಪಾರಿಯೊಬ್ಬ, "ಟಗರೆಲ್ಲವ್ವಾ?" ಎಂದು ನಕ್ಕ. "ಟಗರು ಹೋಗೈತೆ, ರೇಟು ಉಳ್ಕೊಂಡೈತೆ" ಎಂದಳು ಅಂಬಮ್ಮ. ಹೇಳಿ ತನ್ನ ಮಾಮೂಲಿ ಜಾಗಕ್ಕೆ ಹೋಗಿ ಕೂತಳು. ಇನ್ನು ಏನೇ ಆದರೂ ಅವಳು ಬಾಯಿ ಹಾಕುವಂತಿರಲಿಲ್ಲ. ಅವಳದೇ ನಿಯಮ.

ಚಿಕ್ಕಬೀರಪ್ಪ ಅತ್ತಿತ್ತ ನೋಡಿ, ಹೆಗಲ ಟವೆಲ್ ತೆಗೆದು ಮಗಳ ಕೈಯ ಮೇಲೆ ಹಾಕಲು ಹೋದ. ಯಾರಿಗೂ ಕಾಣದಂತೆ ಮುಗಿಸಿಬಿಡುವ ಆಸೆ ಪಾಪ. ಯಲ್ಲಿ ಕೈ ಹಿಂದಕ್ಕೆಳೆದುಕೊಂಡಳು.

"ಟವೆಲ್ ಬ್ಯಾಡಪ್ಪ. ಬಾಯಲ್ಲಿ ಹೇಳು."

ಅಂಬಮ್ಮನಿಗೆ ಆಗ ಅರ್ಧ ಜೀವ ಬಂತು. ಮಗು ಇನ್ನೂ ಪೂರ್ತಿ ಕೈಬಿಟ್ಟಿಲ್ಲ.

"ತೊಂಬತ್ತು" ಎಂದ ಅಪ್ಪ, ಮೆಲ್ಲಗೆ.

"ನೂರಾ ಇಪ್ಪತ್ತು."

"ಅಷ್ಟೆಲ್ಲ ಎಲ್ಲೈತೆ? ಸಾದಾ ಟಗರು."

"ಸಾದಾ ಆಗಿದ್ರೆ ಬೀಗರಿಗೆ ಅಂತ ಅದನ್ನೇ ಯಾಕೆ ಹಿಡ್ದೆ?"

ಸುತ್ತ ನಿಂತವರು ಗೊಳ್ಳೆಂದರು. ಚಿಕ್ಕಬೀರಪ್ಪನಿಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಅವನು ಮಗಳನ್ನು ನಿಜವಾಗಿ ನೋಡಿದ. ಅವಳು ನಗುತ್ತಿರಲಿಲ್ಲ, ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ರೇಟಿಗೆ ಕಾಯುತ್ತಿದ್ದಳು. ಆಮೇಲೆ ಅವನು ಬೇರೆ ಯಾರೊಂದಿಗಾದರೂ ಆಡುವ ಹಾಗೆ ಮರ್ಯಾದೆಯಿಂದ ಚೌಕಾಸಿ ಮಾಡಿದ, ಅವಳೂ ಮಾಡಿದಳು. ನೂರಾ ಹತ್ತಕ್ಕೆ ಕುದುರಿತು. ಒಳಜೇಬಿನಿಂದ ನೋಟು ತೆಗೆದು ಎಣಿಸಿ ಅವಳ ಅಂಗೈಯಲ್ಲಿಟ್ಟ.

ಯಲ್ಲಿ ಎರಡು ಸಲ ಎಣಿಸಿದಳು. ಅದರಲ್ಲಿ ಐದರ ನೋಟೊಂದನ್ನು ತೆಗೆದು ಅಪ್ಪನಿಗೆ ವಾಪಸ್ ಚಾಚಿದಳು.

"ಇದ್ಯಾಕವ್ವ?"

"ಅವತ್ತು ಗೊತ್ತಿಲ್ದೆ ನಾನೂ ತಿಂದೆ" ಎಂದಳು ಯಲ್ಲಿ. "ಅದು ನನ್ನ ಲೆಕ್ಕ."

ಚಿಕ್ಕಬೀರಪ್ಪ ಆ ನೋಟು ಹಿಡಿದುಕೊಂಡು ತಾಯಿಯ ಕಡೆ ನೋಡಿದ. ಅಂಬಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಷ್ಟು ಜನರ ಮುಂದೆ ಅತ್ತದ್ದಕ್ಕೆ ಅವಳಿಗೆ ನಾಚಿಕೆಯೇನೂ ಆಗಲಿಲ್ಲ.

ಯಲ್ಲಿ ಮಿಠಾಯಿಯನ್ನು ಮರೆತಿರಲಿಲ್ಲ. ನಾಲ್ಕಾಣೆಗೆ ಕೊಂಡು ಮೂವರಿಗೂ ಹಂಚಿದಳು. ಆಮೇಲೆ ಸಾಲುಸಾಲು ತಿರುಗಿ, ಹಲ್ಲು ನೋಡಿ, ಬೆನ್ನು ಒತ್ತಿ, ಎರಡು ಹೆಣ್ಣುಮರಿ ಆರಿಸಿದಳು. ಆ ಎರಡರ ಪೀಳಿಗೆಯಿಂದಲೇ ಎಂಬತ್ತೆರಡರಲ್ಲಿ ಅವಳು ಹೊಲಿಗೆ ಮಿಷನ್ ಕೊಂಡು ಕಡೂರಿನಲ್ಲಿ ಅಂಗಡಿ ಇಟ್ಟಳು. ಊರಿನವರು ಮಿಷನ್ನಿನ ಸುದ್ದಿ ಹೇಳಿಕೊಂಡು ಓಡಾಡಿದರು. ಅಂಬಮ್ಮ ಸಾಯುವ ತನಕ ಹೇಳಿಕೊಂಡದ್ದು ಮಾತ್ರ ಆ ಸಂತೆಯ ಸಂಜೆಯನ್ನು.

ಆ ಸಂಜೆ ರೊಪ್ಪದಲ್ಲಿ ಯಲ್ಲಿ ಹೊಸ ಮರಿಗಳಿಗೆ ಗುರುತು ಹಾಕಲು ಕತ್ತರಿ ಹಿಡಿದು ನಿಂತಿದ್ದಳು. ಮರಿ ಒದ್ದಾಡುತ್ತಿತ್ತು. ಯಾರೂ ಕರೆಯದಿದ್ದರೂ ಚಿಕ್ಕಬೀರಪ್ಪ ಬಂದು ಮೊಣಕಾಲೂರಿ ಕೂತು, ಮರಿಯ ತಲೆಯನ್ನು ಎದೆಗೊತ್ತಿ ಹಿಡಿದುಕೊಂಡ. ಹುಟ್ಟಿದಾಗಿಂದ ಕುರಿಗಳ ನಡುವೆಯೇ ಬೆಳೆದ ಆ ಮನುಷ್ಯ ಮಗಳ ಮುಖ ನೋಡಿ ಕೇಳಿದ:

"ನಿಂದು ಯಾವ ಕಿವಿ ಮಗಾ?"