ತಳ್ಳಿದರೆ ಮಾರುವ ಕರಾರಿನ ಮೇಲೆ ಸಂಡೂರಿಗೆ

ಶನಿವಾರ ಬೆಳಿಗ್ಗೆ ಆರೂವರೆಗೆ ಹೊಸಪೇಟೆಯ ನಮ್ಮ ಮನೆಯಿಂದ ಹೊರಟೆವು. ಅಮಾವಾಸ್ಯೆ ಕಳೆದು ಎರಡು ದಿನವಾಗಿತ್ತು. ಚಳಿ ಇನ್ನೂ ಎಳೆಯದು. ನಾನು ಶಾಲು ಹೊದ್ದಿದ್ದೆ, ನಮ್ಮವರು ಬೇಡವೆಂದಿದ್ದರು. ನಮ್ಮದು ಹಳೆಯ ಸ್ಪೋರ್ಟ್ಸ್ ಕಾರು, ಇರುವುದು ಎರಡೇ ಸೀಟು. ಹಿಂದಿನ ಡಿಕ್ಕಿಯಲ್ಲಿ ಒಂದು ಕೈಚೀಲ, ನೀರಿನ ಕ್ಯಾನು, ನಮ್ಮವರ ರಿಪೇರಿಯ ಪಾನಾಪೆಟ್ಟಿಗೆ ಇಟ್ಟರೆ ಜಾಗ ಮುಗಿಯಿತು. ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಹತ್ತಿ ಕೂತರೆ ಚಾಪೆಯ ಮೇಲೆ ಕೂತಂತೆ. ಏಳುವಾಗ ಬಾಗಿಲು ಹಿಡಿದೇ ಏಳಬೇಕು. ರಸ್ತೆಯ ಉಬ್ಬು ಬಂದರೆ ಎತ್ತಿನ ಗಾಡಿಯ ಹಾಗೆ ಓರೆಯಾಗಿ ದಾಟಿಸಬೇಕು.

ಹೊರಡುವ ಮೊದಲು ನಮ್ಮಿಬ್ಬರಲ್ಲಿ ಒಂದು ಕರಾರಾಗಿತ್ತು. ಹೊಸಪೇಟೆಯಿಂದ ಹಂಪಿ, ಅಲ್ಲಿಂದ ಕಂಪ್ಲಿ, ಮರುದಿನ ಸಂಡೂರು, ಮತ್ತೆ ಮನೆ; ಎಲ್ಲ ಸೇರಿ ನೂರಾ ಮೂವತ್ತು ಕಿಲೋಮೀಟರಿನ ಆಸುಪಾಸು. ಇಷ್ಟು ದಾರಿಯನ್ನು ತಳ್ಳಿಸಿಕೊಳ್ಳದೆ ಮುಗಿಸಿದರೆ ಕಾರು ನಮ್ಮಲ್ಲೇ ಉಳಿಯುತ್ತದೆ. ಒಂದು ಸಲ ತಳ್ಳಿದರೂ ಗಾದಿಗನೂರಿನ ಪಂಪಾಪತಿಗೆ ಹೋಗುತ್ತದೆ. ಪಂಪಾಪತಿ ಎರಡು ಲಾರಿ, ಒಂದು ನೀರಿನ ಟ್ಯಾಂಕರು ಇಟ್ಟುಕೊಂಡವನು; ಮೂರು ತಿಂಗಳಿಂದ ಕಾರು ಕೇಳುತ್ತಿದ್ದ. ಕರಾರು ಹಾಕಿದವಳು ನಾನೇ. ಒಂದೂವರೆ ವರ್ಷದಲ್ಲಿ ಅದು ಹದಿನಾಲ್ಕು ಸಲ ದಾರಿಯಲ್ಲಿ ನಿಂತಿತ್ತು. ಗ್ಯಾಸ್ ಸಿಲಿಂಡರ್ ಬಂದ ದಿನ, ಹಾಲಿನವನು ಬಾರದ ದಿನ ಬರೆದಿಡುವ ನೋಟುಬುಕ್ಕಿನಲ್ಲೇ ಕಾರು ನಿಂತ ದಿನವನ್ನೂ ಬರೆಯುತ್ತ ಬಂದಿದ್ದೆ. ಪೆಟ್ರೋಲ್ ಪಂಪು ಬದಲಾಯಿತು, ಪ್ಲಗ್ಗು ಬದಲಾಯಿತು, ಬ್ಯಾಟರಿ ಎರಡು ಸಲ ಬದಲಾಯಿತು. ನಿಲ್ಲುವುದು ಮಾತ್ರ ನಿಲ್ಲಲಿಲ್ಲ.

ಹಂಪಿಗೆ ಹದಿಮೂರು ಕಿಲೋಮೀಟರು. ಏಳು ಗಂಟೆಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ, ದೇವರ ದರ್ಶನ ಮುಗಿಸಿ ಬಂದು, ಒಗ್ಗರಣೆ ಮಂಡಕ್ಕಿ, ಎರಡೆರಡು ಮಿರ್ಚಿ ತಿಂದೆವು. ಅಷ್ಟರಲ್ಲಿ ಕಾರಿನ ಸುತ್ತ ಜನ ಸೇರಿದ್ದರು. ಬೋನೆಟ್ಟಿನ ಮೇಲೆ ಅಮಾವಾಸ್ಯೆಯ ಕುಂಕುಮ ಇನ್ನೂ ಹಾಗೇ ಇತ್ತು. ಆಟೋದವನೊಬ್ಬ ಕೇಳಿದ.

“ಯಜಮಾನ್ರ, ಇದು ಓಡ್ತೈತೇನ್ರಿ?”

“ಓಡಿಸ್ಕೊಂಡಾ ಬಂದೀನಲ್ಲಪ್ಪ.”

“ಮೊನ್ನೆ ಡ್ಯಾಮ್ ರೋಡಿನಾಗ ಇದನ್ನ ಟ್ರ್ಯಾಕ್ಟರ್ ಎಳ್ಕೊಂಡು ಹೊಂಟಿತ್ತು, ನೋಡಿದ್ದೆ. ಇಲ್ಲೇ ಕಲ್ಲಿನ ರಥದ ಬಾಜೂಕ ನಿಲ್ಲಿಸಿಬಿಡ್ರಿ. ಅದೂ ಅಲ್ಲಾಡಂಗಿಲ್ಲ, ಇದೂ ಅಲ್ಲಾಡಂಗಿಲ್ಲ. ಟಿಕೀಟ್ ಇಟ್ರ ಮಂದಿ ನೋಡ್ತಾರ.”

ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಆದರೆ ಹೊರಟು ಏರು ಹತ್ತುವಾಗ ಸ್ಟೇರಿಂಗಿನ ಹಿಂದೆ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ನಾನು ನೋಡಿದೆ. ಅವರು ನೋಡದವರಂತೆ ಕಮಲಾಪುರದ ಕಡೆ ತಿರುಗಿಸಿದರು.

ಕಂಪ್ಲಿ ದಾರಿಯ ಎರಡೂ ಕಡೆ ಭತ್ತ ಕಟಾವಿಗೆ ಬಂದಿತ್ತು. ಕೆಲವು ಕಡೆ ಕಟಾವು ಮುಗಿದು, ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟಿದ್ದರು. ಅಂಥ ಒಂದು ಕಡೆ ಕಾರು ನಿಧಾನ ಮಾಡಿದ್ದೇ ತಪ್ಪಾಯಿತು. ಕಾಲುವೆಯ ಸೇತುವೆ ಮೇಲೆ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಹತ್ತು ಗಂಟೆಯ ಬಿಸಿಲು. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಅವರು ಬೀಗದ ಕೈ ತಿರುಗಿಸಿದರು, ತಿರುಗಿಸಿದರು. ಕೊನೆಗೆ ಬ್ಯಾಟರಿಯ ದನಿ ಸೋತು ಸಣ್ಣಗಾಯಿತು. ಇಳಿದು ಬೋನೆಟ್ಟು ಎತ್ತಿ ಅಲ್ಲಿ ಇಲ್ಲಿ ಕೈಯಾಡಿಸಿ ಬಂದು ಕೂತರು.

“ಸ್ವಲ್ಪ ಆರಲಿ, ತಾನಾ ಚಾಲೂ ಆಗ್ತೈತಿ,” ಎಂದರು.

ಅರ್ಧ ಗಂಟೆ ಕೂತೆವು. ಆಮೇಲೆ ನಾನೇ ಬಾಗಿಲು ಹಿಡಿದು ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದೆ ಹೋದೆ. ಸೇತುವೆಯಿಂದ ಮುಂದೆ ಇಳಿಜಾರಿತ್ತು. ತಳ್ಳಿದೆ. ಕಾರು ಹಗುರ, ಆದರೂ ಮೊದಲ ಹತ್ತು ಹೆಜ್ಜೆ ಬಿಗಿಯಾಗಿತ್ತು. ಹಿಂದಿನ ಗಾಜಿನಲ್ಲಿ ಅವರ ತಲೆಯ ಹಿಂಭಾಗ ಕಾಣುತ್ತಿತ್ತು. ನೆತ್ತಿಯ ಹತ್ತಿರ ಕೂದಲು ಅಷ್ಟು ಬೆಳ್ಳಗಾಗಿದ್ದನ್ನು ಅವತ್ತೇ ಸರಿಯಾಗಿ ನೋಡಿದೆ. ಇಳಿಜಾರಿನಲ್ಲಿ ಅವರು ಕ್ಲಚ್ ಬಿಟ್ಟರು, ಎಂಜಿನ್ ಹಿಡಿಯಿತು. ಮುಂದೆ ಹೋಗಿ ನಿಂತು ನನಗಾಗಿ ಕಾದರು. ನಾನು ಬಂದು ಕೂತೆ. ಕರಾರಿನ ಮಾತನ್ನು ಇಬ್ಬರೂ ಎತ್ತಲಿಲ್ಲ.

ಕಂಪ್ಲಿಯಲ್ಲಿ ಅವರ ಅಕ್ಕ ಗಿರಿಜಮ್ಮನ ಮನೆಯಲ್ಲಿ ಊಟ, ರಾತ್ರಿ ವಸ್ತಿ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೊಸ ಅಕ್ಕಿಯ ಅನ್ನ. ನಮ್ಮವರ ಅಂಗೈಯಲ್ಲಿ ಕಪ್ಪು ಗ್ರೀಸು ನೋಡಿ ಗಿರಿಜಮ್ಮ ನನ್ನ ಕಡೆ ತಿರುಗಿದರು.

“ಮತ್ತ ಕೈ ಕೊಡ್ತೇನು ನಿನ್ನ ಸವತಿ?”

“ಕೈ ಕೊಡಲಿಲ್ರಿ ಅಕ್ಕ. ಸ್ವಲ್ಪ ಕಾಲು ನೋವು ಅಂತ ಕುಂತಿತ್ತು.”

“ದೃಷ್ಟಿ ಆಗೈತದಕ. ಅಮಾಸಿ ಕಳದ ಮೂರು ದಿನ ಹೊರಗ ತಗೀಬ್ಯಾಡ ಅಂತ ಎಷ್ಟ್ ಸಲ ಹೇಳ್ಲಿ ನಿನ್ನ ಗಂಡಗ?”

ಅಮಾವಾಸ್ಯೆ ಕಳೆದ ಮೂರು ದಿನ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಗಿರಿಜಮ್ಮ ಅದನ್ನು ಹಿಂದೆಯೂ ಹೇಳಿದ್ದರು. ನಾನು ನಕ್ಕು ಬಿಟ್ಟಿದ್ದೆ. ಮಲಗುವ ಮುನ್ನ ಕೈಚೀಲದಿಂದ ನೋಟುಬುಕ್ಕು ತೆಗೆದೆ. ಕಾರು ನಿಂತ ದಿನಗಳ ಮುಂದೆ ಒಂದೊಂದಾಗಿ ಗೋಡೆಗೆ ತೂಗಿದ್ದ ಹೋದ ವರ್ಷದ, ಈ ವರ್ಷದ ಕ್ಯಾಲೆಂಡರು ನೋಡಿ ಅಮಾವಾಸ್ಯೆ ಗುರುತು ಹಾಕಿದೆ. ಹದಿನಾಲ್ಕರಲ್ಲಿ ಹನ್ನೆರಡು, ಅಮಾವಾಸ್ಯೆ ಕಳೆದು ನಾಲ್ಕು ದಿನದೊಳಗೆ. ಶ್ರಾವಣದ ಅಮಾವಾಸ್ಯೆಗೆ ಅವರು ಧಾರವಾಡದ ತಮ್ಮನ ಮನೆಯಲ್ಲಿದ್ದರು, ಬಂದ ಮೇಲೆ ದಿನಾ ಓಡಿಸಿದರೂ ಮುಂದಿನ ಅಮಾವಾಸ್ಯೆಯವರೆಗೆ ಒಂದು ಸಲವೂ ನಿಂತಿರಲಿಲ್ಲ. ನಾನು ದೃಷ್ಟಿಯನ್ನು ನಂಬುವವಳಲ್ಲ. ಆದರೂ ಬೇಗ ನಿದ್ದೆ ಬರಲಿಲ್ಲ.

ಭಾನುವಾರ ಎಂಟಕ್ಕೆ ಹೊರಟು ಹೊಸಪೇಟೆ ದಾಟಿ ಸಂಡೂರಿನ ಘಾಟಿ ಹಿಡಿದೆವು. ದೀಪ ಹೊತ್ತಿಕೊಂಡೇ ಇತ್ತು. ಕಾರು ಏರಿನಲ್ಲಿ ಉಸಿರು ಕಟ್ಟಿದವರ ಹಾಗೆ ಎಳೆಯಿತು. ಆದರೆ ನನ್ನ ಕಣ್ಣು ಹೊರಗಿತ್ತು. ಗುಡ್ಡ ಹಸಿರಾಗಿತ್ತು. ನಾವಿದ್ದ ಕಾಲದಲ್ಲಿ ಇದೇ ದಾರಿಯ ಮರಗಳ ಎಲೆ ಕೂಡ ಕೆಂಪು. ಹಗಲೂ ರಾತ್ರಿ ಅದಿರಿನ ಲಾರಿ ಒಂದರ ಹಿಂದೆ ಒಂದು. ನಮ್ಮವರು ಆಗ ಸಂಡೂರಿನ ಒಂದು ಲಾರಿ ಯಾರ್ಡಿನಲ್ಲಿ ಮೆಕ್ಯಾನಿಕ್ಕು. ಯಾರ್ಡಿನ ಹಿಂದೆಯೇ ಎರಡು ಕೋಣೆಯ ನಮ್ಮ ಮನೆ. ಬಿಳಿ ಬಟ್ಟೆ ಎಂಬುದು ನಮ್ಮ ಮನೆಯಲ್ಲಿರಲಿಲ್ಲ. ಒಗೆದ ಬಿಳಿ ಪಂಚೆ ಸಂಜೆಗೆ ಗೋಧಿ ಬಣ್ಣಕ್ಕೆ ಬರುತ್ತಿತ್ತು. ಅನ್ನ ಬಡಿಸಿದ ತಕ್ಷಣ ಮುಚ್ಚಬೇಕಿತ್ತು.

ಈ ಕಾರನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಹೊಸದಾಗಿ ದುಡ್ಡು ಕಂಡ ಗಣಿ ಸಾಹುಕಾರರೊಬ್ಬರು ತರಿಸಿದ್ದರು. ನಾನು ಹಗ್ಗದ ಮೇಲೆ ಹಾಸಿಗೆ ಬಟ್ಟೆ ಹಾಕುತ್ತಿದ್ದೆ. ಕೆಂಪು ಧೂಳಿನ ಒಳಗಿಂದ ಇನ್ನೊಂದು ಕೆಂಪು ಬಂದು ಸುಯ್ಯೆಂದು ಹೋಯಿತು. ಬಟ್ಟೆ ಎಲ್ಲ ಮತ್ತೆ ಒಗೆಯಬೇಕಾಯಿತು. ನಾನು ಬೈದೆ. ನಮ್ಮವರು ಯಾರ್ಡಿನ ಬಾಗಿಲಲ್ಲಿ ಕೈಯಲ್ಲಿ ಪಾನಾ ಹಿಡಿದು, ಧೂಳು ಇಳಿಯುವವರೆಗೂ ನಿಂತೇ ಇದ್ದರು. ಗಣಿ ನಿಂತ ಮೇಲೆ ಯಾರ್ಡು ಮುಚ್ಚಿತು. ನಾವು ಹೊಸಪೇಟೆಗೆ ಬಂದು ಬಿಡಿಭಾಗದ ಅಂಗಡಿ ಹಾಕಿದೆವು. ಕಾರು ಯಾರದೋ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗೆ ವರ್ಷಗಟ್ಟಲೆ ಕೂತಿತ್ತಂತೆ. ಒಂದೂವರೆ ವರ್ಷದ ಹಿಂದೆ ಅದನ್ನು ಕೊಂಡು, ಕೋಳಿ ಕಾವು ಕೂತಿದ್ದ ಸೀಟನ್ನು ಇವರೇ ಹೊಲಿಸಿ ಮನೆಗೆ ತಂದರು.

ಸಂಡೂರಿಗೆ ಹೋದದ್ದು ಹುಸೇನಸಾಬರಿಗೆ ಅದನ್ನು ತೋರಿಸಲು. ಅವರು ಯಾರ್ಡಿನ ಮೇಸ್ತ್ರಿ. ಇವರಿಗೆ ಕೆಲಸ ಕಲಿಸಿದವರು. ಈಗ ಎಪ್ಪತ್ತೈದು ದಾಟಿದೆ, ಕಣ್ಣು ಮಂಜು. ಕಾರು ಅಂಗಳಕ್ಕೆ ಬಂದಾಗ ಕಟ್ಟೆಯ ಮೇಲಿಂದಲೇ ಕೈ ಎತ್ತಿದರು.

“ಮಲ್ಲಣ್ಣ, ಗಾಡಿ ಉಸಿರು ಕಟ್ಟೈತಲ್ಲೋ. ಕೇಳಸ್ತೈತಿ ನನಗ.”

“ಅದನ್ನಾ ತೋರ್ಸಾಕ ಬಂದೀನ್ರಿ ಮೇಸ್ತ್ರಿ.”

“ತಂಗೀ, ನೀ ಬಾ, ಕುಂದ್ರು. ಇವನು ಹಂಗಾ ಬಗ್ಗಿಕೊಂಡು ನಿಂದ್ರಲಿ. ಮೊದಲು ಚಾ.”

ಚಹಾ ತಂದವಳು ಅವರ ಮಗಳು ರೇಷ್ಮಾ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಮೀಟರು, ಸೆನ್ಸರು ನೋಡಿಕೊಳ್ಳುವ ವಿಭಾಗದಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಾಳೆ. ಅವತ್ತು ಅವಳಿಗೆ ರಜೆ. ಯಾವಾಗ ಯಾವಾಗ ನಿಂತಿತ್ತು ಎಂದು ಅವಳು ಕೇಳಿದಳು. ನಾನು ನೋಟುಬುಕ್ಕು ತೆಗೆದು ಓದಿದೆ. ಅಮಾವಾಸ್ಯೆಯ ಗುರುತನ್ನೂ ಓದಿದೆ. ಓದುವಾಗ ನನಗೇ ನಾಚಿಕೆಯಾಯಿತು. ಆದರೆ ಮೇಸ್ತ್ರಿ ನಗಲಿಲ್ಲ.

“ಮಲ್ಲಣ್ಣ, ಅಮಾಸಿಗೆ ಗಾಡಿಗೆ ಏನೇನ್ ಮಾಡ್ತೀ?”

“ನೀವು ಕಲಿಸಿದ್ದಾ ರೀ. ತೊಳಿತೀನಿ, ಗಾಳಿ ಫಿಲ್ಟರ್ ತಗದು ಎಣ್ಣಿ ಹಾಕ್ತೀನಿ, ನಿಂಬಿಹಣ್ಣು ಇಟ್ಟು ಕಾಯಿ ಒಡಿತೀನಿ. ಒಂದು ಅಮಾಸಿನೂ ತಪ್ಪಿಸಿಲ್ಲ. ಧಾರವಾಡಕ್ಕ ಹೋದಾಗಷ್ಟಾ ತಪ್ಪಿತ್ತು.”

ಯಾರ್ಡಿನ ಪದ್ಧತಿ ನನಗೂ ಗೊತ್ತಿತ್ತು. ಅಮಾವಾಸ್ಯೆಯ ದಿನ ಲಾರಿ ಹೊರಗೆ ಹೋಗುತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ಹೋಗುವ ಕಡೆ ಫಿಲ್ಟರಿನ ಬುಡದಲ್ಲಿ ಎಣ್ಣೆಯ ಬಟ್ಟಲು ಇರುತ್ತಿತ್ತು. ಅದಿರಿನ ಧೂಳು ಆ ಎಣ್ಣೆಗೆ ಅಂಟಿಕೊಂಡು ಅಲ್ಲೇ ಉಳಿಯುತ್ತಿತ್ತು. ಎಣ್ಣೆ ತಪ್ಪಿದರೆ ಎಂಜಿನ್ ಕೆಟ್ಟಿತೆಂದೇ ಲೆಕ್ಕ. ಪೂಜೆಗಿಂತ ಮೊದಲು ಎಣ್ಣೆ, ಇದು ಮೇಸ್ತ್ರಿಯ ಕಟ್ಟಳೆ.

ಹುಸೇನಸಾಬರು ಎದ್ದು ಬಂದರು. ಬೋನೆಟ್ಟು ಎತ್ತಿಸಿ, ಫಿಲ್ಟರಿನ ಹಿಂದಿನ ಕೊಳವೆ ಬಿಚ್ಚಿಸಿ, ಒಳಗೆ ಬೆರಳಾಡಿಸಿ ಮೂಗಿಗೆ ಹಿಡಿದರು. ಆಮೇಲೆ ಬೆರಳನ್ನು ಮಗಳಿಗೆ ತೋರಿಸಿದರು. ರೇಷ್ಮಾ ಮೊಬೈಲಿನ ಬೆಳಕು ಬಿಟ್ಟು ನೋಡಿ, ಸ್ಕ್ರೂ ತೆಗೆದು, ಬೆರಳುದ್ದದ ಒಂದು ಪ್ಲಾಸ್ಟಿಕ್ ತುಂಡು ಹೊರತೆಗೆದಳು. ಅದರ ತುದಿಯಲ್ಲಿ ಕೂದಲಿನಷ್ಟು ತೆಳುವಾದ ತಂತಿ. ತಂತಿಯ ಮೇಲೆ ಕಂದು ಜಿಡ್ಡು.

“ಕಾಕಾ, ಒಳಗ ಗಾಳಿ ಎಷ್ಟ್ ಹೋಗ್ತೈತಿ ಅಂತ ಅಳತಿ ಮಾಡೋದು ಇದು,” ಎಂದಳು. “ಈ ಗಾಡಿ ಫಿಲ್ಟರ್ ಒಣಾದು. ನೀವು ಹಾಕಿದ ಎಣ್ಣಿ ಹಸಿ ಇರೋತನಕ ಗಾಳಿ ಜೊತಿ ಬಂದು ಇದರ ಮ್ಯಾಲ ಕುಂದ್ರತೈತಿ. ಇದು ಸುಳ್ಳು ಲೆಕ್ಕ ಕೊಡ್ತೈತಿ, ಗಾಡಿ ನಿಂದ್ರತೈತಿ. ಪ್ಲಾಂಟಿನಾಗೂ ಇಂಥವು ಭಾಳ ನೋಡೀನಿ.”

ಅವಳು ಸ್ಪ್ರೇ ಹೊಡೆದು ತೊಳೆದಳು, ಒಣಗಿಸಿ ಕೂಡಿಸಿದಳು. ಬಜಾರಿನಿಂದ ಅಳತೆಗೆ ಕೂಡುವ ಹೊಸ ಒಣ ಫಿಲ್ಟರು ತರಿಸಿ ಹಾಕಿದರು. ಕಾರು ಮೊದಲ ತಿರುವಿಗೇ ಹತ್ತಿಕೊಂಡಿತು. ಹಳದಿ ದೀಪವನ್ನೂ ಅವಳೇ ಆರಿಸಿದಳು. ಅಷ್ಟು ನುಣುಪಾದ ದನಿಯನ್ನು ನಾನು ನಮ್ಮ ಮನೆಯಲ್ಲಿ ಕೇಳಿರಲಿಲ್ಲ.

ನಮ್ಮವರು ಖುಷಿಪಡುತ್ತಾರೆಂದು ನೋಡಿದರೆ, ಕಟ್ಟೆಯ ಮೇಲೆ ಹೋಗಿ ಕೂತಿದ್ದರು.

“ಹದಿನಾಕು ಸಲ,” ಎಂದರು. “ಹದಿನಾಕು ಸಲ ನಾನಾ ಕೆಡಿಸೀನಿ. ಕಂಡೋರಿಗೆಲ್ಲ ಬೈದೆ.”

“ಕಲಿಸಿದೋನು ನಾನು. ಬೈಯೋದಿದ್ರ ನನಗ ಬೈ,” ಎಂದರು ಮೇಸ್ತ್ರಿ. “ಲಾರಿಗೆ ಅದು ಖರೇ ಇತ್ತು. ನಾವು ಲಾರಿ ಮಂದಿ ಮಲ್ಲಣ್ಣ. ಯಾವುದು ಬಂದ್ರೂ ಲಾರಿ ಅಂತಾನಾ ಸೇವಾ ಮಾಡ್ತೀವಿ.”

ಆಮೇಲೆ ನಮ್ಮವರು ಮೇಸ್ತ್ರಿಯನ್ನು ನನ್ನ ಸೀಟಿನಲ್ಲಿ ಕೂರಿಸಿ, ಹಳೆಯ ಯಾರ್ಡಿನವರೆಗೆ ಒಂದು ಸುತ್ತು ಹೊಡೆಸಿದರು. ನಾನು ರೇಷ್ಮಾಳ ಜೊತೆ ಬಾಗಿಲಲ್ಲಿ ನಿಂತಿದ್ದೆ. ಕೆಂಪು ಕಾರು ಓಣಿಯ ತುದಿಯಲ್ಲಿ ತಿರುಗಿ ಮರೆಯಾಯಿತು. ರಸ್ತೆ ಡಾಂಬರಾಗಿದೆ, ಧೂಳು ಏಳಲಿಲ್ಲ.

ಮಧ್ಯಾಹ್ನ ಮೂರಕ್ಕೆ ಹೊರಟಾಗ ಅವರು ಘಾಟಿಯ ಕಡೆ ತಿರುಗಿಸಲಿಲ್ಲ. ತೋರಣಗಲ್ಲಿನ ದಾರಿ ಹಿಡಿದರು. ಅದು ದೂರದ ದಾರಿ. ಪಂಪಾಪತಿಯ ಗಾದಿಗನೂರಿನ ಮೇಲೆ ಹೋಗುತ್ತದೆ. ನನಗೆ ತಿಳಿಯಿತು.

“ರೀ, ಸೇತುವಿ ಮ್ಯಾಲ ತಳ್ಳಿದ್ದನ್ನ ಯಾರೂ ನೋಡಿಲ್ಲ,” ಎಂದೆ.

“ನೀ ನೋಡೀಯಲ್ಲ.”

“ನಾ ಮರತೀನಿ.”

“ಬುಕ್ಕಿನಾಗ ಬರದೀಯಲ್ಲ.”

“ಬರದಿಲ್ಲ,” ಎಂದೆ. ಅದು ನಿಜವೇ. ಕಂಪ್ಲಿಯ ರಾತ್ರಿ ಎಲ್ಲ ಗುರುತು ಹಾಕಿದವಳು, ಅದೊಂದನ್ನು ಬರೆದಿರಲಿಲ್ಲ.

ಅವರು ನನ್ನನ್ನು ಒಮ್ಮೆ ನೋಡಿ ಮತ್ತೆ ರಸ್ತೆಗೆ ಕಣ್ಣು ಹಾಕಿದರು. “ಈಗ ಚಲೋ ಐತಿ ಶಾಂತಾ. ಚಲೋ ಇದ್ದಾಗಾ ಕೊಡಬೇಕು. ಕೆಟ್ಟ ಗಾಡಿ ಇನ್ನೊಬ್ಬನ ಕೊಳ್ಳಿಗೆ ಕಟ್ಟಾಕ ಮನಸ್ಸು ಬರಾದಿಲ್ಲ ಅಂತಾನಾ ಇಷ್ಟು ದಿನ ಇಟಗೊಂಡಿದ್ದೆ. ಇನ್ನ ಮ್ಯಾಲ ಇಟಗೊಂಡ್ರ ಅದು ಬರೇ ನನ್ನ ಹಟ.”

ಸಂಡೂರಿನಿಂದಲೇ ಇವರು ಫೋನು ಮಾಡಿದ್ದರಂತೆ, ಪಂಪಾಪತಿ ರಸ್ತೆಗೇ ಬಂದು ನಿಂತಿದ್ದ. ಕಾಗದಪತ್ರ ಸೋಮವಾರ ಎಂದಾಯಿತು. ಬೀಗದ ಕೈ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

“ಚಿಂತಿ ಮಾಡಬ್ಯಾಡ್ರಿ ಅಣ್ಣಾರ. ನಮ್ಮ ಲಾರಿ ನೋಡ್ದಂಗ ನೋಡ್ತೀನಿ. ಅಮಾಸಿಗೊಮ್ಮೆ ಫಿಲ್ಟರ್ ತಗದು ಮಸ್ತ್ ಎಣ್ಣಿ ಹಾಕಿ—”

“ಏ, ತಡಿಯಪ್ಪ, ತಡಿ,” ಎಂದು ನಮ್ಮವರು ಬೋನೆಟ್ಟು ಎತ್ತಿದರು. ಕಾಲು ಗಂಟೆ ಹಿಡಿಯಿತು. ಕೊಳವೆ ಬಿಚ್ಚಿ, ಪಂಪಾಪತಿಯ ಬೆರಳು ಹಿಡಿದು ಒಳಗೆ ಆಡಿಸಿ, ಒಣಗಿರುವುದು ಹೇಗಿರುತ್ತದೆ ಎಂದು ತೋರಿಸಿದರು. “ನಿಂಬಿಹಣ್ಣು ಇಡು, ಕಾಯಿ ಒಡಿ. ಇದಕ್ಕ ಮಾತ್ರ ಕೈ ಹಚ್ಚಬ್ಯಾಡ.” ಪಂಪಾಪತಿ ನಮ್ಮನ್ನು ಹೊಸಪೇಟೆಗೆ ಬಿಡುತ್ತೇನೆಂದ. ಬಿಡುವುದು ಹೇಗೆ, ಮೂರು ಜನಕ್ಕೆ ಅದರಲ್ಲಿ ಜಾಗವೆಲ್ಲಿ?

ಬಳ್ಳಾರಿಯಿಂದ ಬಂದ ಬಸ್ಸು ಹತ್ತಿದೆವು. ನನಗೆ ಹಣವಿಲ್ಲದ ಟಿಕೆಟ್ಟು, ಅವರಿಗೆ ಮಾತ್ರ ದುಡ್ಡಿನದು. ಬಸ್ಸಿನಲ್ಲಿ ಕಾರ್ಖಾನೆಯ ಪಾಳಿ ಮುಗಿಸಿದವರು ತೂಕಡಿಸುತ್ತಿದ್ದರು. ನಮ್ಮವರು ಪಾನಾಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತಿದ್ದರು.

ಐದು ನಿಮಿಷವಾಗಿರಬೇಕು. ಹಿಂದಿನಿಂದ ಆ ದನಿ ಬಂತು. ನಾನು ಕಿಟಕಿಗೆ ತಿರುಗಿದೆ, ಅವರು ತಿರುಗಲಿಲ್ಲ. ದನಿ ಏರುತ್ತ ಏರುತ್ತ ಬಸ್ಸಿನ ಬದಿಗೆ ಬಂತು.

“ಇನ್ನೂ ಮೂರನೇ ಗೇರಿನಾಗಾ ಎಳದಾಡ್ಲಿಕ್ಕತ್ಯಾನ,” ಎಂದರು, ತಮ್ಮಷ್ಟಕ್ಕೆ. “ಬದಲಿಸಪ್ಪ. ಬದಲಿಸು ಈಗ.”

ದನಿ ಒಂದು ಕ್ಷಣ ತಗ್ಗಿ, ಬದಲಾಗಿ, ಹಗುರಾಯಿತು. ಕೆಂಪು ಕಾರು ಬಸ್ಸನ್ನು ದಾಟಿ ಹೊಸಪೇಟೆಯ ಕಡೆ ಹೋಯಿತು. ಅವರು ಬೆನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು.