ಬೇಯಿಸಿ ಬಸಿದ ನೀರು

ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನಿಂದ ತರಕಾರಿ ತಂದು, ನಡುಮನೆಯಲ್ಲಿ ಹಳೇ ಪಂಚೆ ಹಾಸಿ ಸುರಿದರೆ ನಮ್ಮ ಮನೆಯಲ್ಲಿ ವಾರ ಶುರುವಾದಂತೆ. ಮೊದಲು ಬಾಡುವುದು ಯಾವುದು, ಕೊನೆಯವರೆಗೆ ತಾಳುವುದು ಯಾವುದು ಎಂದು ನಾನೂ ಅತ್ತೆಯೂ ಕೂತು ವಿಂಗಡಿಸುತ್ತೇವೆ. ಸೊಪ್ಪು ಅವತ್ತಿಗೆ ಮತ್ತು ಸೋಮವಾರಕ್ಕೆ. ಹುರುಳಿಕಾಯಿ, ಬದನೆಕಾಯಿ ವಾರದ ನಡುವಿಗೆ. ಗೆಡ್ಡೆಗಳು, ಸಿಹಿಗುಂಬಳದ ಹೋಳು ಶುಕ್ರವಾರ, ಶನಿವಾರಕ್ಕೆ. ಮುಗಿದುಹೋದ ಮದುವೆಗಳ ಆಹ್ವಾನಪತ್ರಿಕೆಯ ಖಾಲಿ ಬೆನ್ನಿನ ಮೇಲೆ ನಾನು ಏಳು ದಿನದ ಅಡುಗೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತೇನೆ. ಅತ್ತೆಗೆ ಓದಲು ಬರುವುದಿಲ್ಲ. ಆದರೆ ನಾನು ಗುರುವಾರಕ್ಕೆ ಏನು ಬರೆದಿದ್ದೇನೆ ಎಂದು ನನಗಿಂತ ಮೊದಲು ಅವರೇ ಹೇಳುತ್ತಾರೆ.

ಮಾಗಡಿ ಕಡೆಯ ಹಳ್ಳಿಯಿಂದ ಬಸವನಗುಡಿಯ ಈ ಮನೆಗೆ ಸೊಸೆಯಾಗಿ ಬಂದವರು ಅವರು. ಬಂದಾಗಿನಿಂದ ಈ ಅಡುಗೆಮನೆಯಲ್ಲಿ ಏನನ್ನೂ ಬಿಸಾಡಿದವರಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿಭಾಗ ದೋಸೆಗೆ, ಹೂಕೋಸಿನ ದಂಟು ಹುಳಿಗೆ, ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಇಷ್ಟಾದ ಮೇಲೆ ಉಳಿಯುವುದು ಈರುಳ್ಳಿ ಸಿಪ್ಪೆ, ನಿಂಬೆ ಚೂರು. ಬೆಳಿಗ್ಗೆ ಕಸದ ಆಟೋ ಜೊತೆ ಬರುವ ಹೆಂಗಸು ನಮ್ಮ ಹಸಿಕಸದ ಡಬ್ಬ ಅಲ್ಲಾಡಿಸಿ ನೋಡಿ, "ಏನಕ್ಕಾ, ನಿಮ್ಮನೇಲಿ ಅಡ್ಗೆನೇ ಮಾಡಲ್ವಾ? ಗಾಳಿ ಕುಡ್ಕೊಂಡಿದೀರಾ?" ಎಂದು ರೇಗಿಸುತ್ತಿದ್ದಳು. ಅತ್ತೆಗೆ ಅದು ಯಾರೋ ಶಾಲು ಹೊದಿಸಿದಷ್ಟು ಖುಷಿ.

ಎಲ್ಲಕ್ಕಿಂತ ಮೇಲೆ ಅವರ ಬಸ್ಸಾರು. ದಂಟಿನ ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರನ್ನು ಬೇರೆ ಪಾತ್ರೆಗೆ ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಅಡುಗೆ. ಮದುವೆಯಾದ ಹೊಸದರಲ್ಲಿ ನಾನೊಮ್ಮೆ ಗೊತ್ತಿಲ್ಲದೆ ಆ ನೀರನ್ನು ಸಿಂಕಿಗೆ ಸುರಿದಿದ್ದೆ. ಅತ್ತೆ ಬೈಯಲಿಲ್ಲ. ಖಾಲಿ ಪಾತ್ರೆಯೊಳಗೆ ಇಣುಕಿ, "ಇರ್ಲಿ ಬಿಡು, ಚರಟನಾದ್ರೂ ಉಳಿಸಿದೀಯಲ್ಲ" ಎಂದರು. ಆಮೇಲೆ ಇಪ್ಪತ್ತಾರು ವರ್ಷ ನಾನು ಬಸಿದ ನೀರು ಚೆಲ್ಲಿಲ್ಲ.

ಹೋದ ವರ್ಷ ಆಷಾಢದಲ್ಲಿ ನಮ್ಮ ಯಜಮಾನರ ಪಾದ ಊದಿಕೊಂಡಿತು. ಮಾಮೂಲ್‌ಪೇಟೆಯಲ್ಲಿ ಇವರದೊಂದು ಚಿಕ್ಕ ಅಂಗಡಿ ಇದೆ. ದಿನವಿಡೀ ನಿಂತೇ ಇರುವುದರಿಂದ ಹೀಗಾಗಿದೆ ಎಂದುಕೊಂಡೆವು. ಸಂಜೆ ಚಪ್ಪಲಿ ಬಿಟ್ಟರೂ ಪಟ್ಟಿಯ ಗುರುತು ರಾತ್ರಿಯವರೆಗೆ ಹಾಗೇ ಉಳಿಯುತ್ತಿತ್ತು. ಪರೀಕ್ಷೆ ಮಾಡಿಸಿದಾಗ, ಹಳೆಯ ಸಕ್ಕರೆ ಕಾಯಿಲೆ ಸದ್ದಿಲ್ಲದೆ ಎರಡೂ ಕಿಡ್ನಿಗಳನ್ನು ತಿಂದಿರುವುದು ತಿಳಿಯಿತು. ಕೆಟ್ಟಷ್ಟು ಕೆಟ್ಟಿದೆ, ಉಳಿದದ್ದನ್ನು ಎಷ್ಟು ದಿನ ಕಾಪಾಡಿಕೊಳ್ಳುತ್ತೀರೋ ನೋಡಿ ಎಂದರು ಡಾಕ್ಟರು. ಅವರಿಗೆ ಹೆಚ್ಚು ಭಯವಿದ್ದದ್ದು ಪೊಟ್ಯಾಸಿಯಂ ಬಗ್ಗೆ. ಅದು ರಕ್ತದಲ್ಲಿ ಏರಿದರೆ ಏನೂ ಸೂಚನೆ ಕೊಡದೆ ಹೃದಯ ನಿಂತುಬಿಡಬಹುದು. ಔಷಧಿಯಷ್ಟೇ ಅಡುಗೆಮನೆಯೂ ಮುಖ್ಯ ಎಂದು ನನ್ನ ಕಡೆ ತಿರುಗಿ ಹೇಳಿದರು.

ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹುಡುಗಿ ಒಂದು ಹಾಳೆ ಕೊಟ್ಟಳು. ನಮ್ಮ ಮನೆಯ ಇಡೀ ವರ್ಷದ ಊಟ ಅದರ 'ಬೇಡ' ಎನ್ನುವ ಕಡೆಯಲ್ಲಿತ್ತು. ಸೊಪ್ಪು ಬೇಡ, ಟೊಮೇಟೊ ಬೇಡ, ಬಾಳೆಹಣ್ಣು, ಎಳನೀರು ಬೇಡವೇ ಬೇಡ. ರಾಗಿ, ಬೇಳೆಕಾಳು ಮಿತವಾಗಿ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಹೆಚ್ಚು ನೀರಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಅಡುಗೆ ಮಾಡಬೇಕು. 'ಚೆಲ್ಲಿ' ಎನ್ನುವುದರ ಕೆಳಗೆ ಅವಳು ಪೆನ್ನಿನಲ್ಲಿ ಎರಡು ಗೆರೆ ಎಳೆದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ, ಇದಿದು ತಿನ್ನಬಾರದಂತೆ ಅಂತ. ಅವರು ಒಂದೊಂದಕ್ಕೂ "ಅದೂನೂವಾ?" ಎನ್ನುತ್ತಾ ಬಂದರು. ಕೊನೆಗೆ, "ರಾಗಿನೂ ಬ್ಯಾಡ್ವಾ? ಇನ್ನೇನ್ ತಿಂದು ಬದುಕ್ಬೇಕಂತೆ ನನ್ ಮಗ?" ಎಂದು ಎದ್ದುಹೋದರು. ನೀರು ಚೆಲ್ಲುವ ವಿಷಯವನ್ನು ನಾನು ಅವರಿಗೆ ಬಿಡಿಸಿ ಹೇಳಲಿಲ್ಲ. ಪಲ್ಯ ಮಾಡುವವಳು ನಾನು ತಾನೇ, ನಾನು ನೋಡಿಕೊಂಡರಾಯಿತು ಎಂದುಕೊಂಡೆ. ಒಂದು ದಿನಕ್ಕೆ ಇಷ್ಟು ದುಃಖ ಸಾಕು ಎಂದೂ ಅನ್ನಿಸಿತ್ತು.

ಮರುದಿನ ಹುರುಳಿಕಾಯಿ ಬೇಯಿಸಿ ಬಸಿದೆ. ತಿಳಿಹಸಿರು ನೀರು, ಘಮಘಮ ಹಬೆ. ಪಾತ್ರೆಯನ್ನು ಸಿಂಕಿನವರೆಗೂ ತೆಗೆದುಕೊಂಡು ಹೋದೆ, ಕೈ ಬಗ್ಗಲಿಲ್ಲ. ಉಪ್ಪು ಹಾಕಿರಲಿಲ್ಲವಲ್ಲ, ಆರಿದ ಮೇಲೆ ಕರಿಬೇವಿನ ಗಿಡಕ್ಕಾದರೂ ಆಗುತ್ತದೆ ಎಂದು ಕಟ್ಟೆಯ ಮೂಲೆಯಲ್ಲಿ ಮುಚ್ಚಿಟ್ಟೆ. ಸಂಜೆ ನೋಡಿದರೆ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅತ್ತೆ ಗಿಡಕ್ಕೆ ಹಾಕಿದ್ದಾರೆ ಎಂದುಕೊಂಡೆ. ಅವತ್ತಿನಿಂದ ಅದೇ ಪದ್ಧತಿಯಾಯಿತು. ಬೆಳಿಗ್ಗೆ ನಾನು ಬಸಿದಿಡುವುದು, ಸಂಜೆಯ ಹೊತ್ತಿಗೆ ಪಾತ್ರೆ ಖಾಲಿಯಾಗಿರುವುದು. ನಾನು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಎಷ್ಟೋ ಕೆಲಸ ನಮ್ಮಿಬ್ಬರ ನಡುವೆ ಹಾಗೇ ನಡೆಯುತ್ತಿತ್ತು.

'ಮಿತ'ದ ಗೋಜೇ ಬೇಡವೆಂದು ಮುದ್ದೆ ನಿಲ್ಲಿಸಿದ ಮೇಲೆ ಸಂಜೆಗೆ ಅಕ್ಕಿರೊಟ್ಟಿ ಶುರುವಾಯಿತು. ಅದು ಅತ್ತೆಯ ಕೆಲಸ. ನಾನು ತಾರಸಿಯಲ್ಲಿ ಒಣಗಿದ ಬಟ್ಟೆ ಮಡಚಿ ಬರುವಷ್ಟರಲ್ಲಿ ಅವರು ಹಿಟ್ಟು ಕಲಸಿ ರೊಟ್ಟಿ ತಟ್ಟುತ್ತಿರುತ್ತಿದ್ದರು. ಮಗನಿಗೆ ತಾನು ಮಾಡಿಕೊಡಬಹುದಾದದ್ದು ಇದೊಂದೇ ಉಳಿದಿದೆ ಎಂಬಂತೆ, ತೆಳ್ಳಗೆ, ಒಂದೂ ಹರಿಯದಂತೆ.

ಮೊದಲ ತಿಂಗಳ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಪಕ್ಕ ಮೇಲ್ಮುಖ ಬಾಣದ ಗುರುತಿತ್ತು. ಎರಡನೆಯದರಲ್ಲಿ ಇನ್ನೂ ಏರಿತ್ತು. ಡಾಕ್ಟರು ಕನ್ನಡಕ ತೆಗೆದು ಇವರನ್ನೇ ನೋಡಿದರು.

"ಹೊರಗಡೆ ಏನಾದ್ರೂ ತಗೋತಿದೀರಾ ಸಾರ್?"

"ಇಲ್ಲ ಡಾಕ್ಟ್ರೇ."

"ಜ್ಯೂಸು? ಎಳನೀರು? ನೋಡಿ, ಹಿಂಗೇ ಏರಿದ್ರೆ ನಾನು ಅಡ್ಮಿಟ್ ಮಾಡ್ಬೇಕಾಗತ್ತೆ."

ಇವರು ಇಲ್ಲವೆಂದು ತಲೆಯಾಡಿಸಿದರು. ಡಾಕ್ಟರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆ ಗಳಿಗೆಯಲ್ಲೇ ನಾನು ಡಾಕ್ಟರ ಪಕ್ಷಕ್ಕೆ ಹೋಗಿಬಿಟ್ಟಿದ್ದೆ. ಇವರಿಗೆ ಎಳನೀರೆಂದರೆ ಪ್ರಾಣ. ಅಂಗಡಿಯ ಎದುರಿಗೇ ಎಳನೀರಿನ ಗಾಡಿ ನಿಲ್ಲುತ್ತದೆ. ಮನೆಯಲ್ಲಿ ನಾನು ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರುವಾಗ ಬೇರೆ ಹೇಗೆ ಏರಲು ಸಾಧ್ಯ?

ಮನೆಗೆ ಬಂದವಳೇ ಶುರುಮಾಡಿದೆ. "ನಿಜ ಹೇಳಿ, ಕುಡೀತಿದೀರಾ ಇಲ್ವಾ?"

"ಇಲ್ಲ ಅಂದ್ನಲ್ಲ."

"ಹಂಗಾದ್ರೆ ಅದು ತಾನಾಗೇ ಏರ್ತಾ?"

"ನನ್ನೇನು ಕೇಳ್ತೀಯ, ಪೊಟ್ಯಾಸಿಯಂನೇ ಕೇಳು" ಎಂದರು. ನಗಿಸಲು ನೋಡಿದ್ದಿರಬೇಕು. ನಾನು ನಗಲಿಲ್ಲ. ಮರುದಿನ ಇವರು ಅಂಗಡಿಗೆ ಹೊರಟಾಗ ಬಾಗಿಲಲ್ಲಿ ನಿಂತು, "ನಮ್ಮ ಮೇಲೆ ಕರುಣೆ ಇದ್ರೆ ಕುಡೀಬೇಡಿ" ಎಂದೆ. ಕಾಲೇಜಿಗೆ ಹೊರಟಿದ್ದ ಮಗಳು, "ಅಮ್ಮ, ಸಾಕು. ಅಪ್ಪ ಏನು ಕಳ್ಳನಾ?" ಎಂದಳು. ಅತ್ತೆ ಒಳಗಿನಿಂದಲೇ, "ನನ್ ಮಗ ಕದ್ದು ತಿನ್ನೋನಲ್ಲ ಕಣಮ್ಮ. ಚಿಕ್ಕವನಿದ್ದಾಗ ಬೆಲ್ಲದ ಡಬ್ಬಿನೂ ಕೇಳೇ ಮುಟ್ಟೋನು" ಎಂದರು. ಇವರು ಮೆಟ್ಟಿಲಿಳಿದರು. ಊದಿದ ಪಾದವನ್ನು ಒಂದೊಂದಾಗಿ ಇಟ್ಟು ಇಳಿಯುವುದು ಕಾಣಿಸುತ್ತಿತ್ತು. ನಾನು ಹಿಂದೆ ಕರೆಯಲಿಲ್ಲ.

ಆಮೇಲೆ ಇವರು ಊಟದ ಮುಂದೆ ಮಾತಾಡುವುದನ್ನು ಬಿಟ್ಟರು. ಏನು ಬಡಿಸಿದರೂ ಸರಿ. ನಾನು ಹುರುಳಿಕಾಯನ್ನು ಎರಡು ಸಲ ಬೇಯಿಸಿ ಎರಡು ಸಲ ಬಸಿಯತೊಡಗಿದೆ. ತಿನ್ನಲು ಅದು ನೆನೆದ ಕಾಗದದ ಹಾಗಿರುತ್ತಿತ್ತು.

ಅದು ಬೀಟ್‌ರೂಟಿನ ದಿನ. ಮಗಳು ಹಟ ಮಾಡಿ ತರಿಸಿದ್ದಳು, ಪಥ್ಯದ ಹುಡುಗಿಯನ್ನು ಫೋನಿನಲ್ಲಿ ಕೇಳಿದ್ದಕ್ಕೆ ಚೆನ್ನಾಗಿ ಬಸಿದು ಒಂದೆರಡು ಚಮಚ ಕೊಡಿ ಎಂದಿದ್ದಳು. ಬೆಳಿಗ್ಗೆ ಬೇಯಿಸಿ, ಬಸಿದು, ಎಂದಿನಂತೆ ನೀರನ್ನು ಮೂಲೆಯಲ್ಲಿಟ್ಟೆ. ಸಂಜೆ ಇವರು ಅಂಗಡಿಯಿಂದ ಬಂದು ಕೈಕಾಲು ತೊಳೆದು ಕೂತರು. ಅತ್ತೆ ತಟ್ಟೆ ತಂದಿಟ್ಟರು. ತಟ್ಟೆಯಲ್ಲಿ ಎರಡು ರೊಟ್ಟಿ, ಗುಲಾಬಿ ಬಣ್ಣದವು.

ಮಗಳು ಚಪ್ಪಾಳೆ ತಟ್ಟಿದಳು. "ಅಜ್ಜೀ, ಪಿಂಕ್ ರೊಟ್ಟಿ! ಸೂಪರ್!"

ಎಷ್ಟೋ ದಿನಗಳ ಮೇಲೆ ಇವರೂ ನಕ್ಕರು. "ಏನವ್ವಾ, ಕೂಸಿನ ನಾಮಕರಣಕ್ಕೆ ಮಾಡ್ದಂಗಿದೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಬಣ್ಣ ಬುಟ್ಕೊಳ್ತದೆ ಅಂತ ಗೊತ್ತಾಗ್ಲಿಲ್ಲ ಕಣೋ. ದಿನಾ ಹುಳ್ಳಿಕಾಯಿ ನೀರು, ಸೋರೆಕಾಯಿ ನೀರು ಹಾಕಿ ಎಸರು ಕಾಯಿಸ್ತೀನಿ, ಒಂದಿನಾನೂ ಹಿಂಗಾಗಿಲ್ಲ."

ಇವರು ಮುರಿದ ತುಂಡು ಬೆರಳಲ್ಲೇ ನಿಂತಿತು. ನಾನು ಇವರನ್ನು ನೋಡಿದೆ, ಇವರು ನನ್ನನ್ನು ನೋಡಿದರು. ಎರಡು ತಿಂಗಳಿಂದ ತರಕಾರಿಯಿಂದ ನಾನು ತೆಗೆದದ್ದನ್ನೆಲ್ಲ ಅತ್ತೆ ಆ ಬಿಸಿನೀರಿನಲ್ಲಿ ಹಿಟ್ಟು ಕಲಸಿ ರೊಟ್ಟಿ ಮಾಡಿ ಇವರಿಗೇ ತಿನ್ನಿಸಿದ್ದರು. ಮೇಲೆ ತುಪ್ಪ ಸವರಿ.

ಇವರು ಕಣ್ಣಲ್ಲೇ ನನಗೆ ಸುಮ್ಮನಿರು ಎಂದರು. ತುಂಡನ್ನು ತಟ್ಟೆಯಲ್ಲಿಟ್ಟು, "ಅವ್ವಾ, ಯಾಕೋ ಹೊಟ್ಟೆ ಭಾರ ಅನ್ನಿಸ್ತಿದೆ, ಆಮೇಲೆ ತಿಂತೀನಿ" ಎಂದು ಎದ್ದರು. ನಾನು ಇವರ ಹಿಂದೆ ಕೋಣೆಗೆ ಹೋದೆ. ಕ್ಷಮಿಸಿ ಎನ್ನಬೇಕಿತ್ತು. ಎಳನೀರಿನ ಮಾತಿಗೆ, ಬಾಗಿಲಲ್ಲಿ ನಿಂತು ಆಡಿದ್ದಕ್ಕೆ.

"ಅವ್ವನಿಗೆ ಹೇಳ್ಬೇಡ" ಎಂದರು ಇವರು. "ನೀರು ನೀನೇ ಚೆಲ್ಬಿಡು ಇನ್ಮೇಲೆ. ಅಷ್ಟೇ."

ಆದರೆ ಅತ್ತೆ ಎಪ್ಪತ್ತೆಂಟು ವರ್ಷ ಬರೀ ರೊಟ್ಟಿ ತಟ್ಟಿಕೊಂಡು ಕೂತವರಲ್ಲ. ಮರುದಿನ ಬೆಳಿಗ್ಗೆ ನಾನು ನೀರನ್ನು ಸಿಂಕಿಗೆ ಸುರಿದ ಸದ್ದಿಗೆ ಬಂದು ನಿಂತರು.

"ಆ ನೀರಲ್ಲಿ ಏನೈತೆ?"

"ಏನಿಲ್ಲ ಅತ್ತೆ."

"ಏನಿಲ್ದಿದ್ರೆ ನನ್ ಮಗ ತಟ್ಟೆ ಬುಟ್ಟು ಏಳ್ತಿರ್ಲಿಲ್ಲ. ಹೇಳು."

ಹೇಳಿದೆ. ಆದಷ್ಟು ಮೆತ್ತಗೆ, ತಪ್ಪು ನನ್ನದು, ನಾನು ಮೊದಲೇ ಹೇಳಬೇಕಿತ್ತು, ನಾನೇ ಚೆಲ್ಲಬೇಕಿತ್ತು ಎಂದೆಲ್ಲ ಸೇರಿಸಿ. ಅವರು ಕಟ್ಟೆಗೆ ಕೈಯೂರಿ ಕೇಳಿಸಿಕೊಂಡರು.

"ಸಾರ ಎಲ್ಲಾ ನೀರಲ್ಲೇ ಹೋಯ್ತದೆ, ಮಗೀಗೆ ಬರೀ ಚರಟ ತಿನ್ನುಸ್ತಾಳೆ ಅಂತ ನಿನ್ನ ಬೈಕೊಂಡು ಹಾಕ್ತಿದ್ದೆ" ಎಂದರು. ಆಮೇಲೆ ಖಾಲಿ ಪಾತ್ರೆಯನ್ನು ಬೋರಲು ಹಾಕಿ, "ನೀನ್ ಯಾಕೆ ಚೆಲ್ದೆ ಮಡಗ್ತಿದ್ದೆ?" ಎಂದರು. ಅದು ಆಪಾದನೆಯಾಗಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು. ಗಿಡಕ್ಕೆ ಎಂದೆ. ಅವರು ತಲೆಯಾಡಿಸಿದರು. ಇಬ್ಬರಿಗೂ ಅದು ಪೂರ್ತಿ ಉತ್ತರವಲ್ಲ ಎಂದು ಗೊತ್ತಿತ್ತು.

ಮುಂದಿನ ರಿಪೋರ್ಟಿನಲ್ಲಿ ಬಾಣದ ಗುರುತು ಇರಲಿಲ್ಲ. ನಾನು ಡಾಕ್ಟರ ಮುಂದೆ ಕೂತು ಎಲ್ಲ ಸರಿಹೋಯಿತು ಎನ್ನುವ ಮಾತಿಗೆ ಕಾಯುತ್ತಿದ್ದೆ. ಅವರು ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟಿದ್ದರು. ಪೊಟ್ಯಾಸಿಯಂ ಇಳಿದಿದೆ, ಸಂತೋಷ. ಕಿಡ್ನಿ ಮಾತ್ರ ತನ್ನ ದಾರಿಯಲ್ಲಿ ತಾನು ಹೋಗುತ್ತಿದೆ. ರೊಟ್ಟಿಯ ಕಥೆ ಹೇಳಿ, ಆ ನೀರಿನಿಂದಲೇ ಹೀಗಾಯಿತಾ ಎಂದು ಕೇಳಿದೆ. "ಹಾಗೆ ಹೇಳಕ್ಕಾಗಲ್ಲಮ್ಮ, ಆಗಿಲ್ಲ ಅಂತಾನೂ ಹೇಳಕ್ಕಾಗಲ್ಲ" ಎಂದರು. ಆಮೇಲೆ ಇವರಿಗೆ, ಇನ್ನು ಮೇಲೆ ಎಡಗೈಯಿಂದ ರಕ್ತ ತೆಗೆಸಬೇಡಿ, ಮುಂದೆ ಡಯಾಲಿಸಿಸ್‌ಗೆ ಆ ಕೈಯ ರಕ್ತನಾಳ ಬೇಕಾಗಬಹುದು, ಜೋಪಾನ ಮಾಡಿ ಎಂದರು. ವಾಪಸು ಬರುವಾಗ ಆಟೋದಲ್ಲಿ ಇವರು ಎಡಗೈಯನ್ನು ತೊಡೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಇಟ್ಟುಕೊಂಡು ಕೂತಿದ್ದರು.

ಅತ್ತೆ ಈಗ ಒಲೆಯ ಹತ್ತಿರ ಬರುವುದಿಲ್ಲ. ನಾನು ಕರೆದರೆ, "ನೀನೇ ಮಾಡವ್ವ, ನನ್ ಕೈ ಸರಿಗಿಲ್ಲ" ಎನ್ನುತ್ತಾರೆ. ಭಾನುವಾರ ತರಕಾರಿ ವಿಂಗಡಿಸಲು ಮಾತ್ರ ಕೂರುತ್ತಾರೆ, ಅದೂ ಒಂದೊಂದನ್ನೂ ಎತ್ತಿ, "ಇದು ಅವನಿಗಾಯ್ತದಾ?" ಎಂದು ಕೇಳಿ. ರೊಟ್ಟಿ ನಾನು ತಟ್ಟಿದರೆ ಅಂಚು ಹರಿಯುತ್ತದೆ. ಇವರು ಹರಿದ ಅಂಚನ್ನೇ ಮೊದಲು ಮುರಿದು ತಿನ್ನುತ್ತಾರೆ.

ಅವರೆಕಾಯಿ ಕಾಲ ಬಂದಾಗ ನಾನು ತರುವುದೋ ಬೇಡವೋ ಎಂದು ಮೂರು ವಾರ ತಳ್ಳಿದೆ. ಕೊನೆಗೆ ಇವರೇ ಒಂದು ಚೀಲ ಹೊತ್ತು ತಂದರು. "ನಾನು ತಿನ್ನದಿದ್ರೆ ನೀವೂ ತಿನ್ಬಾರ್ದಾ?" ಎಂದರು. ನಡುಮನೆಯಲ್ಲಿ ಎಲ್ಲರೂ ಕೂತು ಸುಲಿದೆವು, ನೆನೆಹಾಕಿದೆವು, ಮರುದಿನ ಒಂದೊಂದೇ ಕಾಳನ್ನು ಹಿತುಕಿ ಬೇಳೆ ತೆಗೆದೆವು. ಇವರು ಬಲಗೈಯೊಂದರಲ್ಲೇ ಹಿತುಕುತ್ತಿದ್ದರು. ಬೇಳೆಯನ್ನು ಎರಡು ಸಲ ಬೇಯಿಸಿ, ಎರಡು ಸಲ ನೀರು ಚೆಲ್ಲಿ ಸಾರು ಮಾಡಿದೆ.

ಊಟಕ್ಕೆ ಕೂತಾಗ ಇವರು, "ಅವ್ವಾ, ಇವತ್ತು ನೀನು ಬಡಿಸು" ಎಂದರು. ಅತ್ತೆ ಒಲ್ಲೆ ಎಂದರು. ಇವರು ಬಿಡಲಿಲ್ಲ, ತಟ್ಟೆಯನ್ನು ಅವರ ಕಡೆ ಚಾಚಿಯೇ ಕೂತರು. ಅತ್ತೆ ಎದ್ದು ಸೌಟು ತುಂಬಿದರು. ತುಂಬಿದ ಸೌಟನ್ನು ತಟ್ಟೆಯ ಮೇಲೆ ಹಿಡಿದು, ಬಗ್ಗಿಸದೆ, ನನ್ನ ಮುಖ ನೋಡಿದರು.

ಹಾಳೆಯಲ್ಲಿ 'ಮಿತವಾಗಿ' ಎಂದಿತ್ತು. ಮಿತ ಎಂದರೆ ಎಷ್ಟು ಸೌಟು ಎಂದು ಬರೆದಿರಲಿಲ್ಲ.

"ಅರ್ಧ ಸೌಟು ಹಾಕಿ ಅತ್ತೆ" ಎಂದೆ.

ಅವರು ಅರ್ಧವನ್ನು ಪಾತ್ರೆಗೆ ವಾಪಸು ಸುರಿದರು. ಉಳಿದದ್ದನ್ನು ನೋಡಿ, ಅದರಲ್ಲೂ ಸ್ವಲ್ಪ ಸುರಿದರು. ನಾನು ಸಾಕು, ಇಷ್ಟಿರಲಿ ಎನ್ನಬಹುದಿತ್ತು. ಎನ್ನುವ ಧೈರ್ಯ ನನಗೂ ಇರಲಿಲ್ಲ. ಇವರು ಅನ್ನದ ಮೇಲೆ ಬಿದ್ದ ನಾಲ್ಕಾರು ಬೇಳೆಯನ್ನು ಬೆರಳಿನಿಂದ ಹರಡಿಕೊಂಡು, "ಚೆನ್ನಾಗಿದೆ ಅವ್ವಾ" ಎಂದರು, ಇನ್ನೂ ಬಾಯಿಗಿಡುವ ಮೊದಲೇ.