ನೋಡಿಕೊಂಡವರು ಯಾರು?

ಇಸ್ತ್ರಿ ಅಂಗಡಿಯ ಆ ಹೆಂಗಸಿನಷ್ಟು ಹೊಟ್ಟೆಕಿಚ್ಚಿನವರನ್ನು ನಾನು ಬೇರೆಲ್ಲೂ ಕಂಡಿಲ್ಲ. ವಕೀಲರ ಗುಮಾಸ್ತನಾಗಿ ಅಣ್ಣತಮ್ಮಂದಿರ ಆಸ್ತಿ ಜಗಳಗಳನ್ನೆಲ್ಲ ನೋಡಿದವನು ಹೇಳುವ ಮಾತಿದು. ಅವಳ ಹೊಟ್ಟೆಕಿಚ್ಚೆಲ್ಲ ಅತ್ತೆಯ ಮೇಲೆ.

ಗಂಡ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಹಾಕುವವನು. ಹಿಂದಕ್ಕೆ ಬರುತ್ತಿದ್ದ ಸಿಮೆಂಟ್ ಲಾರಿ ಅವನನ್ನು ಗೋಡೆಗೆ ಅಮುಕಿತು. ಸೊಂಟ, ತೊಡೆ ಎರಡೂ ಮುರಿದವು. ಅವಳು ಅಂಗಡಿ ಮುಚ್ಚಿ ಆಸ್ಪತ್ರೆಗೆ ಓಡಿದಳು. ಅಷ್ಟರಲ್ಲಿ ಅತ್ತೆ ಮಂಚದ ಪಕ್ಕದ ಸ್ಟೂಲು ಹಿಡಿದಾಗಿತ್ತು.

"ನೋವಾದಾಗ್ಲೆಲ್ಲ ಇವ್ರು 'ಅಮ್ಮಾ' ಅಂತಾರೆ ಸಾರ್," ಎಂದು, ಪರಿಹಾರದ ಕೇಸು ಹಾಕಿಸಲು ಬಂದವಳು ನನ್ನ ಮೇಜಿನ ಮುಂದೆ ಕೂತು ಮುಖ ಗಂಟಿಕ್ಕಿದಳು.

"ಎಲ್ರೂ ಹಾಗೇ ಅಲ್ವೇನಮ್ಮ? ಎಡವಿದ್ರೆ ನಾನೂ ಹಾಗೇ ಅಂತೀನಿ."

"ಆಗ ನಿಮ್ಮಮ್ಮ 'ಬಂದೆ ಕಣಪ್ಪಾ' ಅಂತ ಓಡಿ ಬರ್ತಾರಾ? ನಮ್ಮತ್ತೆ ಬರ್ತಾರೆ! ಬೆನ್ನು ಹುಣ್ಣಾಗದ ಹಾಗೆ ಹೊರಳಿಸೋಳು ನಾನು, ಬೆಡ್‌ಪ್ಯಾನ್ ತೊಳೆಯೋಳು ನಾನು. ಕರೆಯೋದು ಮಾತ್ರ ಅವ್ರನ್ನ!"

ನಗು ಬಂತು, ನುಂಗಿಕೊಂಡೆ.

ಪರಿಹಾರದ ಅರ್ಜಿಯಲ್ಲಿ ಆರೈಕೆಯ ಬಾಬ್ತು ಅಂತ ಒಂದಿರುತ್ತದೆ. ಕೆಲಸ ಬಿಟ್ಟು ಗಾಯಾಳುವನ್ನು ನೋಡಿಕೊಂಡವರಿಗಾಗಿ ಲಾರಿಯ ವಿಮಾ ಕಂಪನಿಯಿಂದ ಕೇಳುವ ಹಣ. "ಒಬ್ಬರ ಹೆಸರು ಹೇಳಿ, ಸಾಕು," ಎಂದರು ನಮ್ಮ ವಕೀಲರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಯಾರ ಹೆಸರಲ್ಲಿ ಬಂದರೂ ಆ ದುಡ್ಡು ಸೇರುವುದು ಒಂದೇ ಮನೆಗೆ. ಆದರೆ ಅವಳಿಗೆ ಬೇಕಾಗಿದ್ದುದು ದುಡ್ಡಲ್ಲ. ನೋಡಿಕೊಂಡವಳು ನನ್ನ ಹೆಂಡತಿ ಎಂದು ಅವನು ನ್ಯಾಯಾಧೀಶರ ಮುಂದೆ ಬಾಯಿಬಿಟ್ಟು ಹೇಳಬೇಕಿತ್ತು, ಅಷ್ಟೇ. ಅತ್ತೆಗೂ ಅದೇ ಹಟ: "ಹೆತ್ತೋಳು ನಾನಿರೋವಾಗ ಬೇರೆಯವ್ರ ಹೆಸರು ಯಾಕೆ?" ವಕೀಲರಿಗೆ ಸಾಕುಸಾಕಾಗಿ, "ಗಾಯ ಆದವರೇ ಕೋರ್ಟಲ್ಲಿ ಹೇಳ್ಲಿ ಬಿಡಿ" ಎಂದು ಕೈತೊಳೆದುಕೊಂಡರು.

ವಿಚಾರಣೆಯ ದಿನ ಅವನು ಊರುಗೋಲಿನ ಮೇಲೆ ಭಾರ ಹಾಕಿ ಕಟಕಟೆ ಹತ್ತಿದ. ಬೆಂಚಿನ ಒಂದು ತುದಿಯಲ್ಲಿ ಹೆಂಡತಿ, ಇನ್ನೊಂದು ತುದಿಯಲ್ಲಿ ತಾಯಿ.

"ಇಷ್ಟು ದಿನ ನಿಮ್ಮನ್ನ ನೋಡ್ಕೊಂಡೋರು ಯಾರು?" ವಿಮಾ ಕಂಪನಿಯ ವಕೀಲರು ಕೇಳಿದರು.

ಪಾಪ, ಅವನು ಹೆಂಡತಿಯ ಮುಖ ನೋಡಿದ, ತಾಯಿಯ ಮುಖ ನೋಡಿದ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಇಬ್ಬರಿಗೂ ಬೇಜಾರಾಗದಂಥ ಉತ್ತರವೊಂದು ಆ ಮಹಾಶಯನಿಗೆ ಹೊಳೆಯಿತು.

"ಯಾರೂ ಇಲ್ಲ ಸಾರ್. ನನ್ನ ಪಾಡಿಗೆ ನಾನೇ ಇದ್ದೆ."

ನ್ಯಾಯಾಧೀಶರು ಅದನ್ನೇ ಬರೆಸಿದರು. ಆರೈಕೆಯ ಬಾಬ್ತು ಅಲ್ಲಿಗೇ ಬಿದ್ದುಹೋಯಿತು.

ಹೊರಗೆ ಅತ್ತೆ ಗೋಡೆಗೆ ಮುಖಮಾಡಿ ಅಳುತ್ತಿದ್ದಳು. ಸೊಸೆ ಅಳಲಿಲ್ಲ. ನೇರ ನನ್ನ ಹತ್ತಿರ ಬಂದಳು.

"ಅತ್ತೆ ಹೆಸರು ಹೇಳಿದ್ರೂ ಜಗಳ ಆಡಿ ಸುಮ್ನಾಗ್ತಿದ್ದೆ ಸಾರ್. ಯಾರೂ ಇಲ್ಲ ಅಂದ್ಬಿಟ್ರಲ್ಲ! ಈಗ ನಾನು ಯಾರನ್ನ ನೋಡಿ ಹೊಟ್ಟೆ ಉರ್ಕೊಳ್ಳಲಿ?"